ಬೆಳ್ಳಿತೆರೆಯ ಮಾಯೆಗೆ ಯಂತ್ರಗಳ ಬಲ

ಚಿತ್ರಮಂದಿರದ ಕತ್ತಲಲ್ಲಿ ಡೈನೋಸಾರ್ ಘರ್ಜಿಸಿದಾಗ, ಬೃಹತ್ ಹಡಗೊಂದು ಎರಡು ತುಂಡಾಗಿ ಮುಳುಗಿದಾಗ ಪ್ರೇಕ್ಷಕ ಉಸಿರು ಬಿಗಿಹಿಡಿಯುತ್ತಾನೆ. ಆ ದೃಶ್ಯ ರೂಪಿಸಿದ ಕಲಾವಿದರ ಹೆಸರು ಚಿತ್ರದ ಕೊನೆಯಲ್ಲಾದರೂ ಬರುತ್ತದೆ. ತಂಪು ಕೋಣೆಗಳಲ್ಲಿ ಹಗಲಿರುಳು ಲೆಕ್ಕ ಹಾಕಿದ ಕಂಪ್ಯೂಟರುಗಳನ್ನು ನೆನೆಯುವವರು ವಿರಳ. ಆದರೆ ಯಾವ ದೃಶ್ಯ ಸಾಧ್ಯ, ಅದನ್ನು ಮಾಡಬಲ್ಲವರು ಯಾರು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತ ಬಂದಿರುವುದು ಈ ಯಂತ್ರಗಳೇ.

ಇಷ್ಟೊಂದು ಬಲ ಏಕೆ ಬೇಕು? ಸಿನಿಮಾ ಎಂದರೆ ಸೆಕೆಂಡಿಗೆ 24 ಸ್ಥಿರಚಿತ್ರಗಳು. ಒಂದೊಂದೂ ಒಂದು ಫ್ರೇಮು. ಒಂದು ಫ್ರೇಮನ್ನು 2048ಕ್ಕೆ 1556ರಂತೆ ಚುಕ್ಕಿಗಳಾಗಿ ವಿಂಗಡಿಸಿದರೆ ಸುಮಾರು 32 ಲಕ್ಷ ಚುಕ್ಕಿಗಳಾಗುತ್ತವೆ. ಚುಕ್ಕಿಗೆ ನಾಲ್ಕು ಬೈಟ್ ಎಂದು ಹಿಡಿದರೂ ಒಂದು ನಿಮಿಷದ ದೃಶ್ಯಕ್ಕೆ ಸುಮಾರು 18 ಗಿಗಾಬೈಟ್ ಜಾಗ ಬೇಕು. ಇದು ಚಿತ್ರವನ್ನು ಕಾಪಿಟ್ಟುಕೊಳ್ಳುವ ಮಾತಾಯಿತು. ಅದನ್ನು ಸೃಷ್ಟಿಸುವುದು ಇನ್ನೂ ಕಷ್ಟ. ಬೆಳಕು ಎಲ್ಲಿಂದ ಬಿತ್ತು, ಯಾವುದಕ್ಕೆ ತಾಗಿ ಪ್ರತಿಫಲಿಸಿತು, ನೆರಳು ಎತ್ತ ಚಾಚಿತು ಎಂದು ಪ್ರತಿ ಚುಕ್ಕಿಗೂ ಲೆಕ್ಕ ಹಾಕಬೇಕು. ಈ ಕೆಲಸಕ್ಕೆ ರೆಂಡರಿಂಗ್ ಎಂದು ಹೆಸರು.

ಪೂರ್ತಿಯಾಗಿ ಕಂಪ್ಯೂಟರಿನಲ್ಲೇ ತಯಾರಾದ ಮೊದಲ ಪೂರ್ಣಾವಧಿ ಕಥಾಚಿತ್ರ, 1995ರ 'ಟಾಯ್ ಸ್ಟೋರಿ'ಯಲ್ಲಿ ಇದ್ದದ್ದು 1,14,240 ಫ್ರೇಮುಗಳು. ಅವಕ್ಕೆ ತಗುಲಿದ್ದು ಸುಮಾರು 8 ಲಕ್ಷ ಗಂಟೆಗಳ ಲೆಕ್ಕಾಚಾರ. ಒಂದೇ ಯಂತ್ರವನ್ನು ನಂಬಿದ್ದರೆ ಚಿತ್ರ ಮುಗಿಯಲು 91 ವರ್ಷ ಬೇಕಾಗುತ್ತಿತ್ತು. ಪಿಕ್ಸಾರ್ ಸಂಸ್ಥೆ 117 ಸನ್ ಕಂಪ್ಯೂಟರುಗಳನ್ನು ಒಟ್ಟಿಗೆ ದುಡಿಸಿತು. ಹೊಲದಲ್ಲಿ ಕಳೆ ಕೀಳುವವರು ಒಬ್ಬೊಬ್ಬರು ಒಂದೊಂದು ಸಾಲು ಹಿಡಿಯುವಂತೆ ಯಂತ್ರಗಳು ಒಂದೊಂದು ಫ್ರೇಮು ಹಿಡಿಯುತ್ತವೆ. ಈ ಯಂತ್ರಸಮೂಹವನ್ನು 'ರೆಂಡರ್ ಫಾರ್ಮ್' ಎಂದು ಕರೆಯುವುದು ಅರ್ಥಪೂರ್ಣವೇ ಆಗಿದೆ.

ಆ ದಿನಗಳಲ್ಲಿ ಕಲಾವಿದರ ಮೇಜಿನ ಮೇಲೆ ರಾರಾಜಿಸುತ್ತಿದ್ದುದು ಅಮೆರಿಕದ ಸಿಲಿಕಾನ್ ಗ್ರಾಫಿಕ್ಸ್ ಸಂಸ್ಥೆಯ ಯಂತ್ರಗಳು. 1993ರ 'ಜುರಾಸಿಕ್ ಪಾರ್ಕ್'ನ ಡೈನೋಸಾರ್‌ಗಳು ಹುಟ್ಟಿದ್ದೂ ಅವುಗಳ ಮೇಲೆಯೇ. ಮೂರು ಆಯಾಮದ ಆಕೃತಿಗಳನ್ನು ಚಕಚಕನೆ ತಿರುಗಿಸಿ ತೋರಿಸುವ ವಿಶೇಷ ಬಿಲ್ಲೆಗಳು ಅವುಗಳಲ್ಲಿದ್ದವು. ಬೆಲೆಯೂ ಅಷ್ಟೇ ವಿಶೇಷ. ಹಣವಂತ ಸ್ಟುಡಿಯೋಗಳಿಗಷ್ಟೇ ಆ ಮಾಯೆ ದಕ್ಕುತ್ತಿತ್ತು.

1997ರ 'ಟೈಟಾನಿಕ್' ಹೊಸ ದಾರಿ ತೋರಿಸಿತು. ಡಿಜಿಟಲ್ ಡೊಮೇನ್ ಸಂಸ್ಥೆ ಅದಕ್ಕಾಗಿ 160 ಆಲ್ಫಾ ಕಂಪ್ಯೂಟರುಗಳನ್ನು ಕೊಂಡು, 105ರಲ್ಲಿ ಮುಕ್ತವಾಗಿ ದೊರೆಯುವ ಲಿನಕ್ಸ್ ತಂತ್ರಾಂಶ ಹಾಕಿತು. ಮುಂದೆ ಸಾಮಾನ್ಯ ಪಿಸಿಗಳೂ, ವಿಡಿಯೋ ಆಟಗಳಿಗಾಗಿ ಬೆಳೆದ ಗ್ರಾಫಿಕ್ಸ್ ಕಾರ್ಡುಗಳೂ ದುಬಾರಿ ಯಂತ್ರಗಳ ಜಾಗ ಹಿಡಿದವು. ಸಿಲಿಕಾನ್ ಗ್ರಾಫಿಕ್ಸ್ 2006ರಲ್ಲೊಮ್ಮೆ, 2009ರಲ್ಲಿ ಮತ್ತೊಮ್ಮೆ ದಿವಾಳಿ ಘೋಷಿಸಿ ಪರರ ಪಾಲಾಯಿತು. ಮೌಂಟನ್ ವ್ಯೂ ನಗರದಲ್ಲಿ ಅದರ ಕೇಂದ್ರ ಕಚೇರಿಯಿದ್ದ ಆವರಣದಲ್ಲಿ ಇಂದು ಗೂಗಲ್ ಇದೆ.

ಯಂತ್ರ ಅಗ್ಗವಾಯಿತು, ವೇಗವೂ ಹೆಚ್ಚಿತು. ಕಾಯುವುದು ಮಾತ್ರ ತಪ್ಪಲಿಲ್ಲ. 'ಟಾಯ್ ಸ್ಟೋರಿ'ಯ ಒಂದು ಫ್ರೇಮಿಗೆ ಸರಾಸರಿ ಏಳು ಗಂಟೆ ಹಿಡಿದಿತ್ತು. ಅದೇ ಪಿಕ್ಸಾರ್‌ನ 2013ರ 'ಮಾನ್‌ಸ್ಟರ್ಸ್ ಯೂನಿವರ್ಸಿಟಿ'ಯ ಫ್ರೇಮಿಗೆ, ಸುಮಾರು 2,000 ಕಂಪ್ಯೂಟರುಗಳಿದ್ದೂ, 29 ಗಂಟೆ ಬೇಕಾಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆನ್ನುತ್ತದೆ ಗಾದೆ. ಇಲ್ಲಿ ಹಾಸಿಗೆ ಉದ್ದವಾದಷ್ಟೂ ಕಾಲು ಅದನ್ನು ಮೀರಿ ಚಾಚುತ್ತದೆ. ನಿನ್ನೆ ಪ್ಲಾಸ್ಟಿಕ್ ಗೊಂಬೆಗೆ ತೃಪ್ತಿಪಟ್ಟ ಕಲಾವಿದನಿಗೆ ಇಂದು ಪ್ರಾಣಿಯ ಒಂದೊಂದು ಕೂದಲೂ ಗಾಳಿಗೆ ಅಲುಗಬೇಕು. ಈ ಸ್ಥಿತಿಯನ್ನು ಗ್ರಾಫಿಕ್ಸ್ ವಿಜ್ಞಾನಿ ಜಿಮ್ ಬ್ಲಿನ್ ಬಹಳ ಹಿಂದೆಯೇ ಗುರುತಿಸಿದ್ದರು. ಅವರ ಹೆಸರಿನಲ್ಲೇ ಇದು 'ಬ್ಲಿನ್ ನಿಯಮ' ಎನಿಸಿದೆ.

ಅಗ್ಗದ ಯಂತ್ರ ಮತ್ತು ವೇಗದ ಸಂಪರ್ಕಜಾಲ ಕೆಲಸವನ್ನು ಬೆಂಗಳೂರಿಗೂ ತಂದವು. 2016ರ 'ದಿ ಜಂಗಲ್ ಬುಕ್'ನ ಕಾಡು ಮತ್ತು ಪ್ರಾಣಿಗಳನ್ನು ರೂಪಿಸುವಲ್ಲಿ ಇಲ್ಲಿನ ಕಲಾವಿದರ ಪಾಲೂ ಇತ್ತು. ಆದರೆ 2025ರ ಆರಂಭದಲ್ಲಿ ಟೆಕ್ನಿಕಲರ್ ಸಮೂಹ ಕುಸಿದಾಗ ಅದರ ಬೆಂಗಳೂರು ಸ್ಟುಡಿಯೋ ಕೂಡ ಬಾಗಿಲು ಹಾಕಿತು. ನುರಿತ ಕೈಗಳು ಏಕಾಏಕಿ ಕೆಲಸ ಕಳೆದುಕೊಂಡವು. ಹಳೆಯ ಯಂತ್ರದ ಬದಲಿಗೆ ಹೊಸದನ್ನು ಕೊಳ್ಳಬಹುದು. ಯಾವ ನೆರಳು ಎಲ್ಲಿ ಬೀಳಬೇಕೆಂದು ಬಲ್ಲ ಕಣ್ಣು ಪಳಗಲು ವರ್ಷಗಳೇ ಬೇಕು. ಈ ಉದ್ಯಮ ಬೆಳೆಸಬಯಸುವವರು ಯಂತ್ರದ ಲೆಕ್ಕದ ಜೊತೆಗೆ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿದೆ.