ಹೆಣ್ಣಿನ ಪ್ರಶ್ನೆ, ಕ್ರೀಮಿನ ಉತ್ತರ: ಸೌಂದರ್ಯ ಜಾಹೀರಾತಿನ ಸ್ತ್ರೀವಾದಿ ಭಾಷೆ

ನಾನು ಅಕ್ಕಲಕೋಟೆ ಕಡೆಯವಳು. ನಮ್ಮಲ್ಲಿ ಮನೆಮಾತು ಕನ್ನಡ, ಪೇಟೆಯ ಮಾತು ಮರಾಠಿ, ಟಿವಿಯ ಮಾತು ಹೆಚ್ಚಾಗಿ ಹಿಂದಿ. ಹಾಗಾಗಿ ಒಂದೇ ಕ್ರೀಮಿನ ಗುಣಗಾನವನ್ನು ಮೂರು ಭಾಷೆಯಲ್ಲಿ ಕೇಳಿ ಬೆಳೆದವರು ನಾವು. ಈ ಜಾಹೀರಾತುಗಳು ಹೆಣ್ಣನ್ನು ಕೀಳು ಮಾಡುತ್ತವೆ ಅನ್ನೋದು ಹೊಸ ಮಾತಲ್ಲ. ನನ್ನ ಪ್ರಶ್ನೆ ಸ್ವಲ್ಪ ಬೇರೆ. ಸಮಾನತೆ, ಆತ್ಮವಿಶ್ವಾಸ, ಸ್ವಂತ ಕಾಲ ಮೇಲೆ ನಿಲ್ಲೋದು, ಇವೆಲ್ಲ ಮಹಿಳಾ ಚಳವಳಿ ಕಟ್ಟಿಕೊಟ್ಟ ಮಾತುಗಳು. ಅವು ಜಾಹೀರಾತಿನೊಳಗೆ ಹೋದಾಗ ಅವುಗಳ ಅರ್ಥಕ್ಕೆ ಏನಾಗುತ್ತದೆ? ಸಾಹಿತ್ಯದ ವಿದ್ಯಾರ್ಥಿನಿಯಾಗಿ ನಾನು ಜಾಹೀರಾತನ್ನು ಒಂದು ಪಠ್ಯದ ಹಾಗೆ ಓದಲು ನೋಡುತ್ತೇನೆ. ಯಾರು ಮಾತಾಡ್ತಿದ್ದಾರೆ, ಯಾರಿಗೆ, ಕೊರತೆ ಯಾರಲ್ಲಿದೆ ಅಂತ ಹೇಳ್ತಿದ್ದಾರೆ?

ಮೊದಲು ಒಂದು ಉದಾಹರಣೆ. ಫೇರ್ ಅಂಡ್ ಲವ್ಲಿ 1975ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂತು. ಬಹಳ ಕಾಲ ಅದರ ಜಾಹೀರಾತಿನ ಕತೆ ಮದುವೆಯ ಸುತ್ತ ತಿರುಗುತ್ತಿತ್ತು: ಹುಡುಗಿ ಕಪ್ಪು, ಗಂಡು ಒಪ್ಪುತ್ತಿಲ್ಲ, ಕ್ರೀಮು ಹಚ್ಚಿದಳು, ಒಪ್ಪಿದ. ಹೆಣ್ಣುಮಕ್ಕಳು ಓದಿ ಕೆಲಸಕ್ಕೆ ಹೊರಟ ಮೇಲೆ ಈ ಕತೆ ಹಳತಾಯಿತು. 2000ದ ಆಸುಪಾಸಿಗೆ ಬಂದ ಒಂದು ಜಾಹೀರಾತು ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಮನೆಯಲ್ಲಿ ದುಡ್ಡಿನ ಅಡಚಣೆ. ಗಂಡು ಮಗ ಇದ್ದಿದ್ದರೆ ಚಿಂತೆ ಇರುತ್ತಿರಲಿಲ್ಲ ಅಂತ ತಂದೆ ಹಲುಬುತ್ತಾನೆ. ಅದು ಮಗಳ ಕಿವಿಗೆ ಬೀಳುತ್ತದೆ. ಅವಳು ಕ್ರೀಮು ಹಚ್ಚುತ್ತಾಳೆ, ಬೆಳ್ಳಗಾಗುತ್ತಾಳೆ, ಗಗನಸಖಿಯಾಗುತ್ತಾಳೆ, ತಂದೆ ತಾಯಿಯನ್ನು ದೊಡ್ಡ ಹೋಟೆಲಿಗೆ ಕರೆದೊಯ್ಯುತ್ತಾಳೆ.

ಇದರೊಳಗೆ ಪ್ರಗತಿಪರ ಅನ್ನಿಸೋ ಮಾತಿದೆ, ಇಲ್ಲ ಅನ್ನೋಕಾಗಲ್ಲ. ಮಗಳು ಮಗನಿಗೆ ಸಮ, ಅವಳೂ ಮನೆ ಸಾಕಬಲ್ಲಳು. ಆದರೆ ತಂದೆಯ ಮಾತು ತಪ್ಪು ಅಂತ ಯಾರೂ ಹೇಳುವುದಿಲ್ಲ. ಅವನು ಮಾತಾಡಿದ್ದು ಮಗಳ ಹೆಣ್ಣುತನದ ಬಗ್ಗೆ, ಬದಲಾಗಿದ್ದು ಮಗಳ ಚರ್ಮ.

ಇಲ್ಲಿ ನನಗೆ ಸಂಚಿ ಹೊನ್ನಮ್ಮ ನೆನಪಾಗುತ್ತಾಳೆ. 17ನೇ ಶತಮಾನದ ಕೊನೆಯಲ್ಲಿ, ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿದ್ದು ‘ಹದಿಬದೆಯ ಧರ್ಮ’ ಬರೆದವಳು. ಆ ಕೃತಿ ಪತಿವ್ರತೆಯ ಧರ್ಮವನ್ನೇ ಹೇಳುತ್ತದೆ, ಅದನ್ನು ಸ್ತ್ರೀವಾದಿ ಕೃತಿ ಅಂತ ಸುಲಭವಾಗಿ ಕರೆಯೋಕೆ ಬರೋದಿಲ್ಲ. ಆದರೂ ಹೆಣ್ಣು ಅಂತ ಹೀಯಾಳಿಸುವವರನ್ನು ಅವಳು ನೇರವಾಗಿ ಬಯ್ಯುತ್ತಾಳೆ. ನಿಮ್ಮನ್ನು ಹೆತ್ತವಳು, ಸಾಕಿದವಳು ಹೆಣ್ಣೇ ಅಲ್ಲವೇ ಎಂಬುದು ಅವಳ ವಾದ. ಅಂದರೆ ಹೊನ್ನಮ್ಮ ದೋಷ ಹುಡುಕೋದು ಹೀಯಾಳಿಸುವವನ ಕಣ್ಣಿನಲ್ಲಿ, ಜಾಹೀರಾತು ಹುಡುಕೋದು ಹೀಯಾಳಿಸಲ್ಪಟ್ಟವಳ ಮುಖದಲ್ಲಿ. ನಾನು ಇವತ್ತು ಹೇಳಬೇಕಾದ ಮುಖ್ಯ ಮಾತು ಇದೇ. ಸ್ತ್ರೀವಾದದ ಪದಗಳನ್ನು ಜಾಹೀರಾತು ಹಾಗೇ ಉಳಿಸಿಕೊಳ್ಳುತ್ತದೆ, ಅವು ಬೆರಳು ತೋರಿಸುವ ದಿಕ್ಕನ್ನು ತಿರುಗಿಸುತ್ತದೆ.

ಆ ಜಾಹೀರಾತಿನ ವಿರುದ್ಧ ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆ ಹೋರಾಡಿತು, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟಿತು. 2003ರಲ್ಲಿ ಅದರ ಪ್ರಸಾರ ನಿಂತಿತು. ಅದೇ ವರ್ಷ ಕಂಪನಿ, ಕ್ರೀಮಿನ ಹೆಸರಲ್ಲೇ ಹೆಣ್ಣುಮಕ್ಕಳ ಓದಿಗೆ ನೆರವು ಕೊಡುವ ಪ್ರತಿಷ್ಠಾನ ಶುರುಮಾಡಿತು. ವಿದ್ಯಾರ್ಥಿವೇತನದಿಂದ ಓದಿದವರಿಗೆ ಉಪಯೋಗ ಆಗಿದೆ, ಅದನ್ನು ಹಗುರ ಮಾಡೋದು ಬೇಡ. ಆದರೆ ಹೆಣ್ಣಿನ ಸಬಲೀಕರಣ ಅನ್ನುವ ಮಾತು ಬಿಳುಪಿನ ಕ್ರೀಮಿನ ಹೆಸರಿನ ಜೊತೆ ಸೇರಿಕೊಂಡಿದ್ದು ಹೀಗೆ.

ಈ ಎರವಲು ನಮ್ಮ ದೇಶದಲ್ಲಷ್ಟೇ ಆದದ್ದಲ್ಲ. ಅಮೆರಿಕದಲ್ಲಿ ಮಹಿಳಾ ಚಳವಳಿ ಜೋರಾಗಿದ್ದ 1973ರಲ್ಲಿ, ಲೋರಿಯಲ್ ಕಂಪನಿಯ ಕೂದಲ ಬಣ್ಣಕ್ಕೆ ಇಲಾನ್ ಸ್ಪೆಕ್ಟ್ ಎಂಬ 23 ವರ್ಷದ ಯುವತಿ ಜಾಹೀರಾತು ಬರೆದಳು. ಹೆಣ್ಣನ್ನು ಗಂಡಿನ ಮೆಚ್ಚುಗೆಗೆ ಕಾಯುವವಳಾಗಿ ತೋರಿಸೋದು ಅವಳಿಗೆ ಸಾಕಾಗಿತ್ತು. ಅವಳು ಬರೆದ ಸಾಲಿನ ಸಾರ ಇಷ್ಟು: ಇದು ದುಬಾರಿ, ಇರಲಿ, ನಾನು ಅದಕ್ಕೆ ತಕ್ಕವಳು. ಮಾತಾಡೋಳು ಹೆಣ್ಣೇ, ‘ನಾನು’ ಅಂತಲೇ ಮಾತಾಡುತ್ತಾಳೆ. ಮುಂದೆ ಆ ‘ನಾನು’ ಹೋಗಿ ‘ನೀವು’ ಬಂತು. ಸರ್ವನಾಮ ಒಂದೇ ಬದಲಾದದ್ದು. ಆದರೆ ಮೊದಲು ಹೆಣ್ಣು ತನ್ನ ಬೆಲೆ ತಾನೇ ಹೇಳಿಕೊಂಡಿದ್ದಳು, ಈಗ ಕಂಪನಿ ಅವಳ ಬೆಲೆ ನಿಗದಿ ಮಾಡಿ ಅವಳಿಗೇ ತಿಳಿಸುತ್ತದೆ.

ಈ ತಿಳಿಹೇಳುವ ಧಾಟಿಯನ್ನು ಡವ್ ಸಾಬೂನಿನ ಪ್ರಚಾರದಲ್ಲಿ ಚೆನ್ನಾಗಿ ನೋಡಬಹುದು. 2004ರಲ್ಲಿ ಶುರುವಾದ ಅದರ ‘ನಿಜವಾದ ಸೌಂದರ್ಯ’ ಪ್ರಚಾರ ರೂಪದರ್ಶಿಗಳ ಬದಲು ಸಾಮಾನ್ಯ ಹೆಂಗಸರನ್ನು ತೋರಿಸಿತು. 2013ರ ಒಂದು ಚಿತ್ರದಲ್ಲಿ ಕಲಾವಿದನೊಬ್ಬ ಹೆಂಗಸರನ್ನು ನೋಡದೆಯೇ ಅವರ ಚಿತ್ರ ಬರೆಯುತ್ತಾನೆ. ಒಂದು ಅವರೇ ವರ್ಣಿಸಿದ ಹಾಗೆ, ಇನ್ನೊಂದು ಅಪರಿಚಿತರು ವರ್ಣಿಸಿದ ಹಾಗೆ. ಎರಡನೆಯದೇ ಚಂದ ಬರುತ್ತದೆ. ನೀವು ಅಂದುಕೊಂಡದ್ದಕ್ಕಿಂತ ಸುಂದರವಾಗಿದ್ದೀರಿ ಅನ್ನೋದು ಸಂದೇಶ. ನೋಡೋಕೆ ಹಿತವಾಗಿದೆ. ಆದರೆ ತಮ್ಮ ಮುಖದ ಬಗ್ಗೆ ಅವರಿಗೆ ಇಷ್ಟು ಕೀಳಾಗಿ ಕಲಿಸಿಕೊಟ್ಟವರು ಯಾರು ಅಂತ ಚಿತ್ರ ಕೇಳುವುದಿಲ್ಲ. ತನ್ನನ್ನು ತಾನು ಅರಿಯದವಳು ಹೆಣ್ಣು, ಅರಿವು ಕೊಡುವವರು ಸಾಬೂನಿನವರು. ಡವ್ ಮತ್ತು ಫೇರ್ ಅಂಡ್ ಲವ್ಲಿ ಎರಡೂ ಯೂನಿಲಿವರ್ ಬಳಗದವೇ. ಒಂದು ಕಡೆ ನೀನು ಇದ್ದ ಹಾಗೇ ಚಂದ, ಇನ್ನೊಂದು ಕಡೆ ಬೆಳ್ಳಗಾಗು. ಎರಡೂ ಮಾತಿನ ಲಾಭ ಒಂದೇ ಗಲ್ಲಾಪೆಟ್ಟಿಗೆಗೆ.

ನಿಯಮಗಳೂ ಬಂದವು. ಕಪ್ಪು ಬಣ್ಣದವರನ್ನು ದುಃಖಿಗಳಂತೆ, ಮದುವೆ ಕೆಲಸಗಳಲ್ಲಿ ಹಿಂದೆ ಬಿದ್ದವರಂತೆ ತೋರಿಸಬಾರದು ಅಂತ 2014ರಲ್ಲಿ ಭಾರತೀಯ ಜಾಹೀರಾತು ಮಾನದಂಡ ಮಂಡಳಿ ಸೂಚಿಸಿತು. 2020ರಲ್ಲಿ ಅಮೆರಿಕದ ಕಪ್ಪು ಜನರ ಹೋರಾಟದ ಬಿಸಿ ಇಲ್ಲಿಗೂ ತಟ್ಟಿದಾಗ ಕ್ರೀಮು ಗ್ಲೋ ಅಂಡ್ ಲವ್ಲಿ ಆಯಿತು. ಬಿಳುಪು ಹೋಗಿ ಕಾಂತಿ ಬಂತು. ನಮ್ಮ ಕಡೆ ಅಂಗಡಿಯಲ್ಲಿ ಈಗಲೂ ಹಳೇ ಹೆಸರು ಹೇಳಿಯೇ ಪಾಕೀಟು ಕೇಳುತ್ತಾರೆ, ಅಂಗಡಿಯವನು ಹೊಸದನ್ನು ಕೊಡುತ್ತಾನೆ. ಇಬ್ಬರಿಗೂ ಗೊಂದಲವಿಲ್ಲ.

ಹಾಗಂತ ಎಲ್ಲ ಪಾಪವನ್ನೂ ಕಂಪನಿಗಳ ತಲೆಗೆ ಕಟ್ಟಲಾಗದು. ‘ಹುಡುಗಿ ಕೆಂಪಗ ಅದಾಳ’ ಅನ್ನೋ ಮಾತು ಟಿವಿಗಿಂತ ಹಳೆಯದು. ಮರಾಠಿಯ ‘ಗೋರಿ’, ‘ಸಾವಳಿ’ಗಳೂ ಹಾಗೇ. ಕನ್ನಡದಲ್ಲಿ ಎಣ್ಣೆಗೆಂಪು, ಸಾದಗಪ್ಪು, ನಸುಗಪ್ಪು ಅಂತ ಮೈಬಣ್ಣಕ್ಕೆ ಎಷ್ಟೊಂದು ಪದಗಳಿವೆ. ಜಾಹೀರಾತು ಇವನ್ನೆಲ್ಲ ಬದಿಗೆ ಸರಿಸಿ ‘ತ್ವಚೆ’ ಅನ್ನೋ ಒಂದು ಪದ, ‘ಹೊಳಪು’ ಅನ್ನೋ ಒಂದು ಗುಣ ಉಳಿಸಿಕೊಂಡಿತು. ಹಳೆಯ ತಾರತಮ್ಯವೇ ಅದಕ್ಕೆ ಬಂಡವಾಳ.

ಇದರ ಬೆಲೆ ಭಾಷೆಯಲ್ಲಷ್ಟೇ ಇಲ್ಲ. ಜಾಹೀರಾತಿನ ಕ್ರೀಮುಗಳು ಬೇರೆ, ಔಷಧಿ ಅಂಗಡಿಯ ಸ್ಟಿರಾಯ್ಡ್ ಮುಲಾಮುಗಳು ಬೇರೆ. ಆದರೆ ಬೆಳ್ಳಗಾಗಬೇಕು ಅನ್ನೋ ಆಸೆಗೆ ಆ ಮುಲಾಮುಗಳನ್ನೂ ಮುಖಕ್ಕೆ ತಿಂಗಳುಗಟ್ಟಲೆ ಹಚ್ಚುವವರಿದ್ದಾರೆ. ಚರ್ಮ ತೆಳುವಾಗಿ, ಕೆಂಪಾಗಿ, ಹಚ್ಚೋದು ಬಿಟ್ಟರೆ ಇನ್ನಷ್ಟು ಉರಿಯುತ್ತದೆ. ಅಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿ ಮಾಡಬೇಕಾಯಿತು.

ಚಾಟ್‌ನಲ್ಲಿ ಒಬ್ಬರು ಕೇಳಿದ್ದಾರೆ: ಅಲಂಕಾರ ಮಾಡಿಕೊಳ್ಳೋದೂ ಹೆಣ್ಣಿನ ಆಯ್ಕೆ ಅಲ್ಲವೇ? ಖಂಡಿತ ಹೌದು. ಕಾಡಿಗೆ, ಪೌಡರು, ಮಲ್ಲಿಗೆ, ಲಿಪ್‌ಸ್ಟಿಕ್ಕು, ಇವುಗಳಲ್ಲಿ ಸಂತೋಷ ಇದೆ, ನನಗೂ ಇದೆ. ಆದರೆ ಹಚ್ಚಿಕೊಂಡರೂ ಬಿಟ್ಟರೂ ಕೆಲಸ, ಮದುವೆ, ಮರ್ಯಾದೆಯಲ್ಲಿ ಏನೂ ಕಡಿಮೆಯಾಗದಿದ್ದಾಗಷ್ಟೇ ಅದು ಆಯ್ಕೆ. ಬಿಟ್ಟರೆ ನಷ್ಟ ಅಂತ ಹೆದರಿಸಿ, ಆಮೇಲೆ ಆಯ್ಕೆ ನಿನ್ನದು ಅನ್ನೋದಕ್ಕೆ ಬೇರೆ ಹೆಸರಿದೆ.

ಕೊನೆಗೆ ಒಂದು ವಿನಂತಿ. ಗಡಿಯ ನಮಗೆ ಒಂದು ಅನುಕೂಲ ಇದೆ: ಕಾಸರಗೋಡಿನವರು ಮಲಯಾಳದಲ್ಲಿ, ಹೊಸೂರಿನವರು ತಮಿಳಿನಲ್ಲಿ, ಆದವಾನಿಯವರು ತೆಲುಗಿನಲ್ಲಿ, ನಾವು ಮರಾಠಿಯಲ್ಲಿ ಇದೇ ಜಾಹೀರಾತುಗಳನ್ನು ಕೇಳುತ್ತೇವೆ. ಅವುಗಳ ಮಾತನ್ನು ಬರೆದಿಟ್ಟುಕೊಂಡು ಕನ್ನಡದ ಪಕ್ಕ ಇಟ್ಟು ನೋಡೋಣ. ‘ಆತ್ಮವಿಶ್ವಾಸ’, ‘ಸಬಲ’ ಅನ್ನೋ ಪದ ಬಂದಲ್ಲೆಲ್ಲ, ಇಲ್ಲಿ ಬದಲಾಗಬೇಕಾದವರು ಯಾರು ಅಂತ ಕೇಳಿಕೊಳ್ಳೋಣ. ಉತ್ತರ ಪ್ರತಿ ಸಲವೂ ಹೆಣ್ಣಿನ ಮುಖವೇ ಆದರೆ, ಆ ಪದಗಳನ್ನು ವಾಪಸು ಕೇಳುವ ಕೆಲಸ ನಮ್ಮ ಮುಂದಿದೆ.