ಎಂಜಿನ್ ನಿಂತರೆ ಮೊದಲು ಪೈಪು ನೋಡಿ

ಚೆನ್ನೈಗೆ ಬಂದು ಒಂಬತ್ತು ವರ್ಷವಾಯಿತು. ಜೂನ್ ಬಂತೆಂದರೆ ಈಗಲೂ ಫೋನಿನಲ್ಲಿ ಎರಡು ಊರಿನ ಹವಾಮಾನ ನೋಡುತ್ತೇನೆ: ಒಂದು ಇಲ್ಲಿಯದು, ಇನ್ನೊಂದು ಗಂಗೊಳ್ಳಿಯದು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆದರೆ ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ಎಂಜಿನ್ ಕಟ್ಟಿಕೊಂಡ ನಾಡದೋಣಿಗಳು ಆಗಲೂ ಕಡಲಿಗಿಳಿಯಬಹುದು. ದೊಡ್ಡ ಬೋಟುಗಳು ಬಂದರಿನಲ್ಲಿ ವಿಶ್ರಾಂತಿ ಪಡೆಯುವ, ಸಮುದ್ರ ಅತ್ಯಂತ ಒರಟಾಗಿರುವ ಆ ಎರಡು ತಿಂಗಳೇ ನಾಡದೋಣಿಯವರ ಸುಗ್ಗಿ. ನನ್ನ ಚಿಕ್ಕಪ್ಪ ಅಂಥವರಲ್ಲೊಬ್ಬರು.

ಗಂಗೊಳ್ಳಿಯ ಅಳಿವೆ ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಪಂಚಗಂಗಾವಳಿಯ ಕೆಂಪು ನೀರು ಹೊರಗೆ ನುಗ್ಗುತ್ತಿರುತ್ತದೆ, ಸಮುದ್ರದ ಅಲೆ ಒಳಗೆ ನುಗ್ಗುತ್ತಿರುತ್ತದೆ. ಎರಡೂ ಸೇರುವ ಜಾಗದಲ್ಲಿ ಎಂಜಿನ್ ನಿಂತರೆ ದೋಣಿ ಅಲೆಗೆ ಅಡ್ಡ ತಿರುಗುತ್ತದೆ. ಮತ್ತೆ ಹಗ್ಗ ಎಳೆದು ಚಾಲೂ ಮಾಡಲು ಸಮುದ್ರ ಪುರುಸೊತ್ತು ಕೊಡುವುದಿಲ್ಲ. ನಡುಗಡಲಲ್ಲಿ ನಿಂತರೆ ಆ ದಿನದ ದುಡಿಮೆ ಹೋಗುತ್ತದೆ. ಅಳಿವೆಯಲ್ಲಿ ನಿಂತರೆ ಜೀವದ ಪ್ರಶ್ನೆ.

ನಾನು ಎಂಟೆಕ್ ಓದಿದ್ದು ಕಂಪ್ಯೂಟರ್ ಸೈನ್ಸ್. ಆದರೆ ಮನೆಯಲ್ಲೊಬ್ಬ ಎಂಜಿನಿಯರ್ ಇದ್ದಾನೆಂದರೆ ಮಿಕ್ಸಿಯಿಂದ ಔಟ್‌ಬೋರ್ಡ್ ಎಂಜಿನ್‌ವರೆಗೆ ಎಲ್ಲಕ್ಕೂ ಅವನಿಗೇ ಫೋನು. "ಇಂಜಿನ್ ನಿಂತೇ ಹೋಯ್ತ್ ಮಾರಾಯಾ" ಎಂಬ ಮಾತು ಕೇಳಿ ಕೇಳಿ ಸರ್ವೀಸ್ ಮ್ಯಾನುಯಲ್‌ಗಳನ್ನು ಓದತೊಡಗಿದೆ, ಊರಿನ ಮೆಕ್ಯಾನಿಕ್ ಜೊತೆ ಕುಳಿತು ನೋಡಿದೆ. ಅದರಿಂದ ಗೊತ್ತಾದದ್ದು ಇಷ್ಟು: ಬಹಳಷ್ಟು ಸಲ ಕೆಟ್ಟಿರುವುದು ಎಂಜಿನ್ ಅಲ್ಲ. ಟ್ಯಾಂಕಿನಿಂದ ಎಂಜಿನ್‌ವರೆಗಿನ ಎರಡು ಮೀಟರ್ ದಾರಿ.

ಆ ದಾರಿಯಲ್ಲಿ ಏನೇನಿದೆ ನೋಡಿ. ಟ್ಯಾಂಕಿನ ಮುಚ್ಚಳದ ಮೇಲೆ ಗಾಳಿಯಾಡಲು ಒಂದು ಚಿಕ್ಕ ಸ್ಕ್ರೂ. ಟ್ಯಾಂಕಿನ ತಳದವರೆಗೆ ಇಳಿದ ನಳಿಕೆ, ಅದರ ತುದಿಗೊಂದು ಜಾಲರಿ. ಅಲ್ಲಿಂದ ರಬ್ಬರ್ ಪೈಪು. ನಡುವೆ ಕೈಯಲ್ಲಿ ಒತ್ತುವ ರಬ್ಬರ್ ಬಲ್ಬು. ಅದರೊಳಗಿನ ವಾಲ್ವುಗಳು ಇಂಧನವನ್ನು ಒಂದೇ ದಿಕ್ಕಿಗೆ ಬಿಡುತ್ತವೆ, ಅದಕ್ಕೇ ಬಲ್ಬಿನ ಮೇಲಿನ ಬಾಣದ ಗುರುತು ಎಂಜಿನ್ ಕಡೆಗಿರಬೇಕು. ಕೊನೆಯಲ್ಲಿ ಎಂಜಿನ್‌ಗೆ ಸಿಕ್ಕಿಸುವ ಕನೆಕ್ಟರ್, ಅದರೊಳಗೊಂದು ಓ-ರಿಂಗ್. ಆಮೇಲೆ ಫಿಲ್ಟರ್, ಫ್ಯೂಯಲ್ ಪಂಪ್, ಕಾರ್ಬ್ಯುರೇಟರ್.

ಬಲ್ಬೇ ವೈದ್ಯ

ಸಾಫ್ಟ್‌ವೇರ್‌ನಲ್ಲಿ ದೋಷ ಹುಡುಕುವಾಗ ನಾವು ಮೊದಲು ಮಧ್ಯದಲ್ಲಿ ಪರೀಕ್ಷಿಸುತ್ತೇವೆ: ಇಲ್ಲಿಯವರೆಗೆ ಸರಿಯಿದ್ದರೆ ತಪ್ಪು ಮುಂದಿದೆ, ಸರಿಯಿಲ್ಲದಿದ್ದರೆ ಹಿಂದಿದೆ. ಔಟ್‌ಬೋರ್ಡ್‌ನಲ್ಲಿ ಆ ಮಧ್ಯದ ಜಾಗ ರಬ್ಬರ್ ಬಲ್ಬು. ಚಿಕ್ಕಪ್ಪನಿಗೆ ಫೋನಿನಲ್ಲಿ ನಾನು ಕೇಳುವ ಮೊದಲ ಪ್ರಶ್ನೆ, "ಬಲ್ಬು ಹ್ಯಾಂಗಿತ್ತ್?"

ಬಲ್ಬು ಒಳಗೆ ಹೀರಿಕೊಂಡು ಚಪ್ಪಟೆಯಾಗಿದ್ದರೆ ಟ್ಯಾಂಕಿನ ಕಡೆಯಿಂದ ಇಂಧನ ಬರುತ್ತಿಲ್ಲ. ಮೊದಲು ಮುಚ್ಚಳದ ಗಾಳಿ ಸ್ಕ್ರೂ ನೋಡಬೇಕು. ಅದು ಮುಚ್ಚಿದ್ದರೆ ಇಂಧನ ಖಾಲಿಯಾದ ಜಾಗಕ್ಕೆ ಗಾಳಿ ಬರಲಾರದೆ ಎಂಜಿನ್ ಸ್ವಲ್ಪ ದೂರ ಓಡಿ ಉಸಿರುಗಟ್ಟಿ ನಿಲ್ಲುತ್ತದೆ. ಅದು ಸರಿಯಿದ್ದರೆ ತಳದ ಜಾಲರಿಯಲ್ಲಿ ಕಸ ಕಟ್ಟಿದೆ ಅಥವಾ ಪೈಪು ಎಲ್ಲೋ ಮಡಚಿದೆ.

ಎಷ್ಟು ಒತ್ತಿದರೂ ಬಲ್ಬು ಗಟ್ಟಿಯಾಗದಿದ್ದರೆ ಎಲ್ಲೋ ಗಾಳಿ ಸೇರುತ್ತಿದೆ, ಇಂಧನ ಸೋರುತ್ತಿದೆ, ಇಲ್ಲವೇ ಬಲ್ಬಿನ ವಾಲ್ವು ಹೋಗಿದೆ. ಬಾಣ ಮೇಲ್ಮುಖವಾಗಿ ಹಿಡಿದು ಒಮ್ಮೆ ಒತ್ತಿ ನೋಡಬೇಕು. ಆಗಲೂ ಗಟ್ಟಿಯಾಗದಿದ್ದರೆ ಕನೆಕ್ಟರಿನ ಓ-ರಿಂಗ್, ಪೈಪಿನ ಕ್ಲಿಪ್ಪು ಮತ್ತು ಎಂಜಿನ್ ಮುಚ್ಚಳದೊಳಗಿನ ಒದ್ದೆ ನೋಡಬೇಕು. ಬಲ್ಬು ಒತ್ತುತ್ತಲೇ ಇದ್ದರೆ ಮಾತ್ರ ಎಂಜಿನ್ ಓಡುತ್ತದೆ ಎಂದಾದರೆ ಗಾಳಿ ಸೇರುತ್ತಿರಬಹುದು ಅಥವಾ ಫ್ಯೂಯಲ್ ಪಂಪ್ ದುರ್ಬಲವಾಗಿದೆ. ಬಲ್ಬು ಒತ್ತುತ್ತಾ ದಡ ಸೇರಬಹುದು. ಆದರೆ ಮರುದಿನ ಹಾಗೇ ಕಡಲಿಗೆ ಹೋಗಬಾರದು.

ಒಳಗಿನಿಂದ ಮುಪ್ಪು

ಪೈಪಿನ ಮುಪ್ಪು ಹೊರಗೆ ಕಾಣುವುದು ಅರ್ಧ ಮಾತ್ರ. ಬಿಸಿಲು, ಉಪ್ಪು ಮತ್ತು ಇಂಧನ ಸೇರಿ ರಬ್ಬರನ್ನು ಒರಟಾಗಿಸುತ್ತವೆ. ಬಾಗಿಸಿದಾಗ ಬಿರುಕು ಕಂಡರೆ, ಮುಟ್ಟಿದರೆ ಅಂಟಿದರೆ, ಒರೆಸಿದ ಬಟ್ಟೆಗೆ ಇಂಧನದ ವಾಸನೆ ಬಂದರೆ ಆ ಪೈಪಿನ ಕಾಲ ಮುಗಿಯಿತು. ಆದರೆ ಕೆಲವು ಪೈಪುಗಳಲ್ಲಿ ಒಳಪದರ ಮೊದಲು ಕಿತ್ತುಬರುತ್ತದೆ. ಹೊರಗೆ ಹೊಸದರಂತೆ ಕಾಣುವ ಪೈಪಿನೊಳಗೆ ಪದರ ಜೋತು ದಾರಿ ಮುಚ್ಚುತ್ತದೆ, ಅದರ ಚೂರುಗಳು ಕಾರ್ಬ್ಯುರೇಟರಿನ ಸಣ್ಣ ತೂತಿಗೆ ಸಿಕ್ಕಿಕೊಳ್ಳುತ್ತವೆ. ನಿಧಾನವಾಗಿ ಚೆನ್ನಾಗಿ ಓಡುವ ಎಂಜಿನ್ ವೇಗ ಹೆಚ್ಚಿಸಿದೊಡನೆ ಸೊರಗಿದರೆ ಈ ಸಂಶಯ ಬರಬೇಕು.

ಇದನ್ನು ಕಣ್ಣಿನಿಂದ ಹಿಡಿಯುವುದು ಕಷ್ಟ. ಆದ್ದರಿಂದ ನಮ್ಮ ಮನೆಯಲ್ಲಿ ಈಗ ಲೆಕ್ಕ ವಯಸ್ಸಿನದು: ಎರಡು ಮಳೆಗಾಲ ಕಂಡ ಪೈಪು ಮತ್ತು ಬಲ್ಬು ಚೆನ್ನಾಗಿದ್ದರೂ ಬದಲು. ಅಂಗಡಿಯಲ್ಲಿ ಸಿಗುವ ತೆಳು ಪ್ಲಾಸ್ಟಿಕ್ ನಳಿಕೆ ಬೇಡ, ಪೆಟ್ರೋಲ್ ತಾಗಿ ಅದು ಬೇಗ ಸೆಟೆದು ಒಡೆಯುತ್ತದೆ. ದೋಣಿಯ ಎಂಜಿನ್‌ಗೆಂದೇ ಮಾಡಿದ ಪೈಪು ಮತ್ತು ಸ್ಟೇನ್‌ಲೆಸ್ ಸ್ಟೀಲ್ ಕ್ಲಿಪ್ಪು ಬೇಕು. ಬೈಂಡಿಂಗ್ ತಂತಿ ರಬ್ಬರನ್ನು ಕತ್ತರಿಸುತ್ತದೆ.

ಮರೆತುಹೋಗುವ ಪೆಟ್ರೋಲ್ ಟ್ಯಾಂಕ್

ನಮ್ಮ ಕಡೆಯ ಅನೇಕ ನಾಡದೋಣಿಗಳ ಎಂಜಿನ್ ಓಡುವುದು ಸೀಮೆಎಣ್ಣೆಯಲ್ಲಿ. ಆದರೆ ಚಾಲೂ ಮಾಡುವುದು ಪೆಟ್ರೋಲಿನಲ್ಲಿ; ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಂದರೆ ಮುಂದಿನ ಸಲ ಸುಲಭವಾಗಿ ಚಾಲೂ ಆಗುತ್ತದೆ. ದಿನಕ್ಕೆ ಕೆಲವೇ ನಿಮಿಷ ಬಳಸುವ ಈ ಪೆಟ್ರೋಲ್ ಚಿಕ್ಕ ಟ್ಯಾಂಕಿನಲ್ಲಿ ವಾರಗಟ್ಟಲೆ ಕೂತಿರುತ್ತದೆ. ಎಲ್ಲರ ಗಮನ ಸೀಮೆಎಣ್ಣೆಯ ಮೇಲೆ, ಹಾಳಾಗುವುದು ಪೆಟ್ರೋಲ್.

ಈಗ ಅದಕ್ಕೆ ಇನ್ನೊಂದು ಕಾರಣ ಸೇರಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕ ಇ20, ಅಂದರೆ ಶೇ 20 ಎಥನಾಲ್ ಬೆರೆತ ಪೆಟ್ರೋಲ್, ಈಗ ಎಲ್ಲ ಕಡೆ ಸಾಮಾನ್ಯ. ಅನೇಕ ಔಟ್‌ಬೋರ್ಡ್ ಎಂಜಿನ್‌ಗಳ ಕೈಪಿಡಿಗಳು ಒಪ್ಪುವುದು ಶೇ 10ರವರೆಗೆ ಮಾತ್ರ. ಎಥನಾಲ್ ಹಳೆಯ ಬಗೆಯ ರಬ್ಬರನ್ನು ಉಬ್ಬಿಸುತ್ತದೆ, ಮೆತ್ತಗಾಗಿಸುತ್ತದೆ. ಜೊತೆಗೆ ಅದು ನೀರನ್ನು ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕಿಳಿಯುತ್ತವೆ. ಎಂಜಿನ್‌ಗೆ ಇಂಧನ ಎಳೆಯುವ ನಳಿಕೆಯ ಬಾಯಿ ಇರುವುದೂ ತಳದಲ್ಲೇ. ಮಳೆಗಾಲದ ಗಂಗೊಳ್ಳಿಯಲ್ಲಿ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಬೇಕಿಲ್ಲ!

ಪರೀಕ್ಷೆ ಸುಲಭ. ಟ್ಯಾಂಕಿನ ತಳದಿಂದ ಸ್ವಲ್ಪ ಪೆಟ್ರೋಲನ್ನು ಬಿಳಿ ಗಾಜಿನ ಬಾಟಲಿಗೆ ತೆಗೆದು ಅಲುಗಿಸದೆ ಇಡಿ. ಕೆಳಗೆ ಬೇರೆ ಪದರ ಕಂಡರೆ ಆ ಪೆಟ್ರೋಲ್ ಎಂಜಿನ್‌ಗೆ ಹೋಗಬಾರದು, ಹೊಳೆಗೂ ಹೋಗಬಾರದು. ಟ್ಯಾಂಕ್ ತೊಳೆದು ಒಣಗಿಸಿ ಹೊಸ ಪೆಟ್ರೋಲ್ ಹಾಕಬೇಕು. ತಿಂಗಳಿಗಾಗುವಷ್ಟು ತಂದಿಡುವ ಬದಲು ವಾರಕ್ಕೆ ಬೇಕಾದಷ್ಟೇ ತರುವುದು ಲೇಸು. ನೀರು ಬೇರ್ಪಡಿಸುವ ಫಿಲ್ಟರ್ ಒಂದನ್ನು ನಡುವೆ ಕೂರಿಸಿದರೆ ಇನ್ನೂ ಒಳ್ಳೆಯದು.

ತುಂಬುವಾಗ ಎಚ್ಚರ

ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ದೋಣಿಯೊಳಗೆ ಚೆಲ್ಲಿದರೆ ಅದು ತಳದಲ್ಲೇ ಕೂತು ಕಿಡಿಗೆ ಕಾಯುತ್ತದೆ. ಎತ್ತಿ ಒಯ್ಯಬಹುದಾದ ಟ್ಯಾಂಕನ್ನು ದಡಕ್ಕಿಳಿಸಿ, ನೆಲದ ಮೇಲಿಟ್ಟು ತುಂಬಬೇಕು. ಬೀಡಿ, ಒಲೆ ಹತ್ತಿರ ಇರಬಾರದು. ಕಂಠಪೂರ್ತಿ ತುಂಬಬಾರದು, ಬಿಸಿಲಿಗೆ ಇಂಧನ ಹಿಗ್ಗಲು ಜಾಗ ಬೇಕು. ಓಡುವಾಗ ಗಾಳಿ ಸ್ಕ್ರೂ ತೆರೆದಿರಲಿ, ದಡದಲ್ಲಿಟ್ಟಾಗ ಮುಚ್ಚಿರಲಿ.

ಇಲ್ಲಿ ಚೆನ್ನೈನ ನೊಚ್ಚಿಕುಪ್ಪಂ ಕಡೆ ಭಾನುವಾರ ನಡೆಯುವಾಗ ಸಾಲಾಗಿ ನಿಂತ ಫೈಬರ್ ದೋಣಿಗಳನ್ನು ನೋಡುತ್ತೇನೆ. ಒಬ್ಬರು ತಮ್ಮ ಟ್ಯಾಂಕು ಮತ್ತು ಪೈಪಿನ ಮೇಲೆ ಯಾವಾಗಲೂ ಹಳೆಯ ಗೋಣಿ ಹೊದಿಸಿರುತ್ತಾರೆ. ಯಾಕೆಂದು ಕೇಳಿದರೆ, ಬಿಸಿಲು ರಬ್ಬರನ್ನು ತಿನ್ನುತ್ತದೆ ಎಂದರು. ಮ್ಯಾನುಯಲ್ ಓದಿ ನಾನು ಕಲಿತದ್ದನ್ನು ಅವರು ದಡದಲ್ಲೇ ಕಲಿತಿದ್ದಾರೆ. ಆ ಗೋಣಿಯ ಉಪಾಯ ಈಗ ಗಂಗೊಳ್ಳಿಗೂ ಹೋಗಿದೆ.

ನಮ್ಮಂತೆ ಹೊರಗಿರುವವರಿಗೆ ಮನೆಯವರ ದೋಣಿಯ ಮೇಲೆ ಚಿಂತೆ ಇರುತ್ತದೆ, ಮಾಡಬಲ್ಲದ್ದು ಕಡಿಮೆ. ಹಬ್ಬಕ್ಕೆ ಹೋಗುವಾಗ ಬಟ್ಟೆ, ಸಿಹಿ ಒಯ್ಯುತ್ತೇವೆ. ಮೇ ತಿಂಗಳಲ್ಲಿ ಹೋಗುವವರು ಆ ಚೀಲದಲ್ಲಿ ಎಂಜಿನ್‌ಗೆ ಹೊಂದುವ ಒಂದು ಪೈಪು, ಒಂದು ಬಲ್ಬು, ನಾಲ್ಕು ಕ್ಲಿಪ್ಪು, ಎರಡು ಓ-ರಿಂಗ್ ಮತ್ತು ಒಂದು ಫಿಲ್ಟರ್ ಇಟ್ಟುಕೊಳ್ಳಿ. ಊರಿನಲ್ಲೇ ಸಿಗುವುದಾದರೆ ಮಳೆ ಹಿಡಿಯುವ ಮುಂಚೆ ಕೊಡಿಸಿ, ಜೊತೆಗೆ ನಿಂತು ಹಾಕಿಸಿ. ಎಂಜಿನ್‌ನ ಬೆಲೆಯ ಮುಂದೆ ಆ ಖರ್ಚು ಲೆಕ್ಕಕ್ಕಿಲ್ಲ. ಪೈಪಿನ ಮೇಲೆ ಬಣ್ಣದಲ್ಲಿ ಹಾಕಿದ ತಿಂಗಳು, ವರ್ಷ ಬರೆದಿಡಿ. ಮುಂದಿನ ಸಲ ಬದಲಿಸಬೇಕಾದ್ದು ಯಾವಾಗ ಎಂಬುದು ಯಾರ ನೆನಪನ್ನೂ ನಂಬಿ ಕೂರಬಾರದು.