ದೊರೆಯ ವಂಶ ತಾಮ್ರದಲ್ಲಿ, ಎತ್ತಿನ ವಂಶ ನಾಲಿಗೆಯಲ್ಲಿ

ಕೋಲಾರ ತಾಲ್ಲೂಕಿನ ವಕ್ಕಲೇರಿ ಇತಿಹಾಸದ ಪುಸ್ತಕ ಸೇರಿದ್ದು ತಾಮ್ರದ ಹಲಗೆಗಳಿಂದ. ಬಾದಾಮಿ ಚಾಲುಕ್ಯರ ಎರಡನೆಯ ಕೀರ್ತಿವರ್ಮ ಕ್ರಿ.ಶ. 757ರಲ್ಲಿ ಬರೆಸಿದ ದಾನಶಾಸನ ಅದು. ದಾನದ ಮಾತಿಗೆ ಮುಂಚೆ ಅಪ್ಪ ಯಾರು, ಅಜ್ಜ ಯಾರು, ಅವರು ಯಾರನ್ನು ಸೋಲಿಸಿದರು ಎಂಬ ವಂಶಾವಳಿ ಸಾಲುಗಟ್ಟಿ ಬರುತ್ತದೆ. ಈಗ ಈ ಸೀಮೆಯ ಯಾವುದಾದರೂ ಕೊಟ್ಟಿಗೆಗೆ ಹೋಗಿ, ಗೂಟದಲ್ಲಿರುವ ಹಳ್ಳಿಕಾರ್ ಎತ್ತಿನ ಅಪ್ಪ ಯಾವುದೆಂದು ಕೇಳಿ ನೋಡಿ. ಉತ್ತರ ಯಜಮಾನರ ನಾಲಿಗೆ ಮೇಲಿರುತ್ತದೆ, ಕಾಗದದ ಮೇಲಿರುವುದು ಅಪರೂಪ.

ದನದ ವಂಶದ ಲೆಕ್ಕವನ್ನೇ ಕಸುಬಾಗಿಸಿಕೊಂಡ ಪಶುತಳಿ ವಿಜ್ಞಾನಿಗಳ ಜಾಗತಿಕ ಸಮ್ಮೇಳನ ಮೊದಲು ನಡೆದದ್ದು 1974ರಲ್ಲಿ, ಮ್ಯಾಡ್ರಿಡ್‌ನಲ್ಲಿ. ಈಗ ಅಲ್ಲಿ ಮಾತೆಲ್ಲ ಡಿಎನ್‌ಎ ಚಿಪ್‌ನದು. ಹೈದರಾಬಾದಿನ ರಾಷ್ಟ್ರೀಯ ಪ್ರಾಣಿ ಜೈವಿಕ ತಂತ್ರಜ್ಞಾನ ಸಂಸ್ಥೆಯೂ ನಾಟಿ ದನಗಳಿಗಾಗಿ 2021ರಲ್ಲಿ ‘ಇಂಡಿಗೌ’ ಎಂಬ ಚಿಪ್ ಹೊರತಂದಿತು. ಡಿಎನ್‌ಎಯ 11,496 ಗುರುತುಗಳನ್ನು ಅದು ಓದುತ್ತದೆ. ಆದರೆ ಚಿಪ್ ಅಕ್ಷರ ಓದೀತು, ಅರ್ಥ ಹೇಳಲಾರದು. ಯಾವ ಗುರುತಿದ್ದ ದನ ಎಷ್ಟು ಹಾಲು ಕೊಟ್ಟಿತು, ಎಷ್ಟು ಎಳೆಯಿತು ಎಂದು ಸಾವಿರಾರು ರಾಸುಗಳ ಲೆಕ್ಕ ಇಟ್ಟರಷ್ಟೇ ಅದು ಬಾಯಿ ಬಿಡುವುದು.

ಆ ಲೆಕ್ಕ ಬಲ್ಲವರ ಸಮ್ಮೇಳನ ನಮ್ಮಲ್ಲೇ ಇದೆ, ಆವಣಿಯಲ್ಲಿ. ಶಿವರಾತ್ರಿಯ ಹೊತ್ತಿಗೆ ಮುಳಬಾಗಿಲು ತಾಲ್ಲೂಕಿನ ಆ ಬೆಟ್ಟದಡಿ ದನಗಳ ಜಾತ್ರೆ ಕೂಡುತ್ತದೆ. ತುಟಿ ಬಿಡಿಸಿ ಹಲ್ಲು ನೋಡುವುದು ಮೊದಲ ಪರೀಕ್ಷೆ: ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದ್ದೋ. ಆಮೇಲೆ ಗೊರಸು, ಕೊಂಬು, ನಡಿಗೆ. ಕೊನೆಗೆ ಕೂದಲ ಸುಳಿ. ಸುಳಿಯಿಂದ ಮನೆಯ ಅದೃಷ್ಟ ಹೇಳುವುದನ್ನು ನಾನು ನಂಬುವುದಿಲ್ಲ. ಆದರೂ ಪೂರ್ತಿ ನಗಲಾರೆ. ಅಮೆರಿಕದ ಪಶುವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಣೆಯ ಸುಳಿ ಕಣ್ಣಿಗಿಂತ ಮೇಲಿದ್ದ ದನಗಳು ಕಟ್ಟಿಹಾಕಿದಾಗ ಹೆಚ್ಚು ಬೆದರಿದ್ದು ಕಂಡಿತ್ತು. ಸುಳಿ ನೋಡುವ ನಮ್ಮ ಹಿರಿಯರಿಗೆ ಇದನ್ನು ಹೇಳಿದರೆ, ಇಷ್ಟಕ್ಕೆ ಅಮೆರಿಕ ಬೇಕಿತ್ತೇ ಎಂದಾರು.

ತಮಾಷೆಯೆಂದರೆ, ಜಾತ್ರೆಯಲ್ಲಿ ಭಾರಿ ಬೆಲೆ ಕಟ್ಟಿಸಿಕೊಳ್ಳುವ ಜೋಡಿ ಬಹುತೇಕ ಬೀಜ ಒಡೆಸಿದವು. ಅವುಗಳ ಗುಣ ಮುಂದಿನ ತಲೆಮಾರಿಗೆ ಹರಿಯಬೇಕಾದರೆ ಅವುಗಳ ಅಪ್ಪನನ್ನೇ ಹುಡುಕಬೇಕು. ಅಪ್ಪನ ಹೆಸರು ಮಾತ್ರ ಟವೆಲ್ಲಿನಡಿ ಬೆರಳು ಹಿಡಿದು ಮುಗಿಸಿದ ವ್ಯಾಪಾರದ ಜತೆ ಬೇರೆ ಊರಿಗೆ ಹೋಗಿಬಿಡುತ್ತದೆ.

ಹಾಲಿನ ಕಥೆ ಬೇರೆ. ಭಾರತದಲ್ಲಿ ಮೊದಲ ಕೃತಕ ಗರ್ಭಧಾರಣೆ ನಡೆದದ್ದು 1939ರಲ್ಲಿ, ಮೈಸೂರಿನ ಅರಮನೆ ಡೇರಿಯಲ್ಲಿ. ಅದನ್ನು ಕೈಗೊಂಡ ಸಂಪತ್ ಕುಮಾರನ್ ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯ ಕೊಡಿಸಿದರು. 33 ಹಸುಗಳು ಗಬ್ಬವಾದವು. ಆ ದಾರಿಯಲ್ಲಿ ಬಂದ ಸೀಮೆಹಸುವೇ ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರಕ್ಕೆ ಅನ್ನ ಹಾಕಿದ್ದು. ಅದನ್ನು ಹಳಿಯುವ ಹಕ್ಕು ಪೇಟೆಯಲ್ಲಿ ಕೂತ ನಾಟಿ ಹಸು ಅಭಿಮಾನಿಗಳಿಗಿಲ್ಲ. ಆದರೆ ಏಪ್ರಿಲ್ ಮಧ್ಯಾಹ್ನ ಶೀಟಿನಡಿ ನಾಲಿಗೆ ಚಾಚಿ ಏದುಸಿರು ಬಿಡುವ ಅದೇ ಹಸುವನ್ನು ನೋಡಿದವರು, ಹಾಲಿನ ಜತೆಗೆ ಆ ಉಸಿರನ್ನೂ ತಳಿಯ ಲೆಕ್ಕಕ್ಕೆ ಸೇರಿಸಬೇಕೆಂದಾರು.

ಡೇರಿಯಲ್ಲಿ ಬೆಳಿಗ್ಗೆ ಸಂಜೆ ಹಾಲಿನ ಅಳತೆ, ಫ್ಯಾಟು ಚೀಟಿಗೆ ಬೀಳುತ್ತವೆ. ದಿನವಿಡೀ ರಾಗಿ ಹೊಲ ಉತ್ತ ಎತ್ತಿಗೆ ಆ ಚೀಟಿಯಲ್ಲಿ ಕಾಲಂ ಇಲ್ಲ.